ಬೋಟ್ ಹೊಯ್ದಾಡಿದರೆ ಹೆದರಬೇಕೇ?

ಮಳೆಗಾಲ ಕಳೆದು ಮಲ್ಪೆ, ಮುರುಡೇಶ್ವರ, ಕಾರವಾರಗಳಲ್ಲಿ ಪ್ರವಾಸಿ ಬೋಟುಗಳು ಮತ್ತೆ ನೀರಿಗಿಳಿದಿವೆ. ಹೋಗಿ ಬಂದವರು, ಹೋಗಬೇಕೆಂದು ಯೋಚಿಸುತ್ತಿರುವವರು, ಹೋಗಿ ಹೆದರಿ ಬಂದವರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಳೆದ ಫೆಬ್ರವರಿಯಲ್ಲಿ ನಾವು ಗೆಳೆಯರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆವು. ಬೆಳಿಗ್ಗೆ ಹೋಗುವಾಗ ಸಮುದ್ರ ಅಲುಗಾಡದೆ ಮಲಗಿತ್ತು. ಮಧ್ಯಾಹ್ನ ವಾಪಸಾಗುವಾಗ ಬೋಟ್ ಒಂದೇ ಬದಿಗೆ ವಾಲಿ ವಾಲಿ ಏಳುತ್ತಿತ್ತು, ನೀರು ಒಳಗೆ ರಾಚುತ್ತಿತ್ತು. ನಡುವೆ ಬೋಟಿನವರು ದೇವಸ್ಥಾನದ ಗೋಪುರ ಕಾಣುವ ದಿಕ್ಕು ಬಿಟ್ಟು ಬೇರೆಲ್ಲೋ ತಿರುಗಿಸಿದರು. ದಾರಿ ತಪ್ಪಿತೇನೋ ಎಂದು ಎದೆ ಹೊಡೆದುಕೊಂಡಿತು. ಈ ವರ್ಷ ಗೆಳೆಯರು ಮತ್ತೆ ಕರೆಯುತ್ತಿದ್ದಾರೆ. ಅಷ್ಟು ವಾಲಿದರೆ ಬೋಟ್ ಮಗುಚುವುದಿಲ್ಲವೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಎದೆ ಹೊಡೆದುಕೊಂಡದ್ದು ಸಹಜ. ಕಾಲ ಕೆಳಗಿನದು ಅಲುಗಾಡಿದರೆ ಯಾರಿಗೂ ಭಯವಾಗುತ್ತದೆ. ಮೀನುಗಾರರ ಮಕ್ಕಳಿಗೂ ಮೊದಮೊದಲು ಆಗಿರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಮೊದಲಿಗೆ ಸಮಾಧಾನದ ಮಾತು: ನೀವು ಬರೆದಿರುವ ಹೊಯ್ದಾಟ ಆ ದಾರಿಯಲ್ಲಿ ಆ ಹೊತ್ತಿಗೆ ಆಗುವಂಥದ್ದೇ. ನಿಮ್ಮ ತಾಂಡೇಲರು (ಬೋಟ್ ನಡೆಸುವವರು) ದಾರಿ ತಪ್ಪಿದ್ದಲ್ಲ, ಬೇಕೆಂದೇ ತಿರುಗಿಸಿದ್ದು ಎಂದು ನಿಮ್ಮ ವಿವರಣೆ ಓದಿದರೆ ತಿಳಿಯುತ್ತದೆ.

ಚಳಿಗಾಲದಲ್ಲೂ ಬೇಸಿಗೆಯಲ್ಲೂ ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಬೆಚ್ಚಗೇ ಉಳಿಯುತ್ತದೆ. ಆಗ ನೆಲದಿಂದ ಕಡಲಿಗೆ ಮೂಡುಗಾಳಿ (ಪೂರ್ವದಿಂದ ಬರುವ ಗಾಳಿ) ಮೆಲ್ಲಗೆ ಬೀಸುತ್ತದೆ. ದಡದ ಹತ್ತಿರ ಅದು ದೊಡ್ಡ ಅಲೆ ಎಬ್ಬಿಸುವುದಿಲ್ಲ. ಹೊತ್ತೇರಿದಂತೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಮಧ್ಯಾಹ್ನದ ನಂತರ ಜೋರಾಗಿ, ಗಿಡ್ಡನೆಯ, ಒತ್ತೊತ್ತಾದ, ನೆತ್ತಿಯಲ್ಲಿ ಬಿಳಿ ನೊರೆಯಿರುವ ಅಲೆಗಳನ್ನು ಎಬ್ಬಿಸುತ್ತದೆ.

ಈಗ ನಕ್ಷೆ ನೆನಪಿಸಿಕೊಳ್ಳಿ. ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಪಶ್ಚಿಮಕ್ಕೆ ತುಸು ದಕ್ಷಿಣಕ್ಕೆ ಸರಿದಂತೆ ಇದೆ. ಹಿಂದಿರುಗುವಾಗ ನೀವು ಪೂರ್ವಕ್ಕೆ, ತುಸು ಈಶಾನ್ಯಕ್ಕೆ ಬರುತ್ತೀರಿ. ವಾಯವ್ಯದ ಅಲೆ ಆಗ ಸರಿಯಾಗಿ ನಿಮ್ಮ ಎಡ ಮಗ್ಗುಲಿಗೆ ಬಡಿಯುತ್ತದೆ. ಎದುರಿನಿಂದ ಬಂದ ಅಲೆಯನ್ನು ಬೋಟ್ ಮೂತಿಯಿಂದ ಸೀಳಿಕೊಂಡು ಹೋಗುತ್ತದೆ. ಮಗ್ಗುಲಿಗೆ ಬಿದ್ದ ಅಲೆ ಮಾತ್ರ ಅದನ್ನು ತೂಗಾಡಿಸುತ್ತದೆ. ಅದಕ್ಕೇ ಅನುಭವಸ್ಥ ತಾಂಡೇಲರು ನೇರ ದಾರಿ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಉತ್ತರಕ್ಕೆ ತಿರುಗಿಸಿ ಅಲೆಯನ್ನು ಮೂತಿಯ ಓರೆಗೆ ತೆಗೆದುಕೊಂಡು, ಆಮೇಲೆ ಅಲೆಯನ್ನು ಬೆನ್ನಿಗೆ ಹಾಕಿಕೊಂಡು ದಡದ ಕಡೆ ಬರುತ್ತಾರೆ. ಗೋಪುರ ಕಣ್ಣೆದುರಿನಿಂದ ಮರೆಯಾದದ್ದು ಅದೇ ಕಾರಣಕ್ಕೆ. ಇಂಜಿನ್ ಸದ್ದು ತಗ್ಗಿದ್ದೂ ನೆನಪಿರಬಹುದು. ವೇಗ ಇಳಿಸಿದರೆ ಬಡಿತ ಕಡಿಮೆ.

ವಾಲುವುದು ಬೇರೆ, ಮಗುಚುವುದು ಬೇರೆ. ಬೋಟಿನ ಭಾರ ತಳದಲ್ಲಿದ್ದಷ್ಟು ಕಾಲ ಅದು ವಾಲಿದಷ್ಟೇ ಬಲದಿಂದ ತಿರುಗಿ ಏಳುತ್ತದೆ. ಅಪಾಯ ಬರುವುದು ಆ ಭಾರ ಜಾಗ ಬದಲಿಸಿದಾಗ. ಜನ ಮೇಲ್ಛಾವಣಿ ಹತ್ತಿದರೆ ಭಾರ ಮೇಲೆ ಹೋಗುತ್ತದೆ. ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ಓಡಿದರೆ ಅದು ಪಕ್ಕಕ್ಕೆ ಸರಿಯುತ್ತದೆ. ಒಳಗೆ ನೀರು ನಿಂತಿದ್ದರೆ ಬೋಟ್ ವಾಲಿದ ಕಡೆಗೇ ಆ ನೀರೂ ಹರಿದು ಇನ್ನಷ್ಟು ಎಳೆಯುತ್ತದೆ. ಹಾಗಾಗಿ ರಾಚಿದ ನೀರನ್ನು ಆಗಿಂದಾಗ ಹೊರಹಾಕುವ ಪಂಪ್ ಬೋಟಿನಲ್ಲಿ ಕೆಲಸ ಮಾಡುತ್ತಿದೆಯೇ ಎಂದು ಹತ್ತುವಾಗಲೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಿತಿಗಿಂತ ಹೆಚ್ಚು ಜನ ತುಂಬುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟ್ ಮಗುಚಿ ಮಕ್ಕಳೂ ಸೇರಿ ಹಲವರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಹಿಡಿಸಬೇಕಾದುದಕ್ಕಿಂತ ಹೆಚ್ಚು ಜನರಿದ್ದರೆಂದು ಆಗಲೇ ವರದಿಯಾಗಿತ್ತು. "ಇನ್ನಿಬ್ಬರು ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಮಾತು ಬಸ್ಸಿನಲ್ಲಿ ನಡೆದೀತು, ಬೋಟಿನಲ್ಲಿ ನಡೆಯಬಾರದು. ಆ ಮಾತು ಕಿವಿಗೆ ಬಿದ್ದರೆ ನೀವು ಇಳಿದುಬಿಡಿ.

ಗೆಳೆಯರ ಜತೆ ಧಾರಾಳವಾಗಿ ಹೋಗಿ. ಬೆಳಿಗ್ಗೆ ಮೊದಲ ಬೋಟನ್ನೇ ಹಿಡಿಯಿರಿ. ಮಧ್ಯಾಹ್ನಕ್ಕೆ ಮುಂಚೆ ದಡ ಸೇರುವಂತೆ ಮೊದಲೇ ಮಾತಾಡಿಕೊಳ್ಳಿ. ಹೊಯ್ದಾಟ ಶುರುವಾದರೆ ಎದ್ದು ನಿಲ್ಲದೆ, ಕೂತಲ್ಲೇ ತಗ್ಗಾಗಿ ಕೂತು, ಒಂದು ಕೈಯಲ್ಲಿ ಏನನ್ನಾದರೂ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಮೊಬೈಲ್ ಬೇಡ.

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಅತ್ತೆಯವರನ್ನೂ ಕರೆದುಕೊಂಡು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಅವರಿಗೆ 68 ವರ್ಷ. ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಮಾಡಿಕೊಳ್ಳುತ್ತಾರೆ, ಮಂಡಿನೋವೂ ಇದೆ. "ನನ್ನಿಂದ ನಿಮಗೆಲ್ಲ ತೊಂದರೆ, ನಾನು ದಡದಲ್ಲೇ ಕೂತಿರ್ತೇನೆ" ಅಂತಿದ್ದಾರೆ. ಕರೆದುಕೊಂಡು ಹೋಗುವುದು ತಪ್ಪೇ?
— ಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ತಪ್ಪೇನಿಲ್ಲ. ಇದು ಅರ್ಧ ಗಂಟೆಯ ಒಳಗಿನ ಪಯಣ, ಡಿಸೆಂಬರ್ ಬೆಳಗು ಸಾಮಾನ್ಯವಾಗಿ ಶಾಂತವಾಗಿಯೇ ಇರುತ್ತದೆ. ಹೊಟ್ಟೆ ತೊಳಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ಮೊದಲು ನಿಮ್ಮ ಅತ್ತೆಯವರಿಗೆ ಹೇಳಿ. ಕಿವಿಯ ಒಳಭಾಗದಲ್ಲಿ ದೇಹದ ಸಮತೋಲನ ನೋಡಿಕೊಳ್ಳುವ ಅಂಗವಿದೆ. ಬೋಟಿನಲ್ಲಿ ಅದು "ಅಲುಗಾಡುತ್ತಿದ್ದೇವೆ" ಎನ್ನುತ್ತದೆ. ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು "ಇಲ್ಲ, ಕೂತೇ ಇದ್ದೇವೆ" ಎನ್ನುತ್ತದೆ. ಈ ಜಗಳ ಮಿದುಳಿಗೆ ಬಗೆಹರಿಯದೆ ಹೊಟ್ಟೆಯ ಮೇಲೆ ಬೀಳುತ್ತದೆ. ದೂರದ ಬಾನಂಚು (ಆಕಾಶ ಮತ್ತು ನೀರು ಕೂಡುವ ಗೆರೆ) ನೋಡುತ್ತಿದ್ದರೆ ಕಣ್ಣಿಗೂ ಅಲುಗಾಟ ತಿಳಿಯುತ್ತದೆ, ಜಗಳ ತಣ್ಣಗಾಗುತ್ತದೆ.

ಅವರನ್ನು ಬೋಟಿನ ನಡುಭಾಗದಲ್ಲಿ, ಸಾಧ್ಯವಾದರೆ ತುಸು ಹಿಂದಕ್ಕೆ ಕೂರಿಸಿ. ಏರಿಳಿತ ಅಲ್ಲಿ ಕಡಿಮೆ. ಮೂತಿಯ ಹತ್ತಿರ ಬೇಡ. ಡೀಸೆಲ್ ಹೊಗೆ ಮುಖಕ್ಕೆ ಬರುವ ಜಾಗವೂ ಬೇಡ, ಎಷ್ಟೋ ಸಲ ವಾಂತಿ ತರಿಸುವುದು ಅಲೆಯಲ್ಲ, ಆ ಹೊಗೆ. ಹಸಿದ ಹೊಟ್ಟೆಯೂ ಒಳ್ಳೆಯದಲ್ಲ, ಮಸಾಲೆ ದೋಸೆ ತುಂಬಿದ ಹೊಟ್ಟೆಯೂ ಅಲ್ಲ. ಹೊರಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತವೆನಿಸುತ್ತದೆ.

ಮಾತ್ರೆಯ ವಿಷಯ. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್, ಪ್ರೊಮೆಥಜಿನ್ ಇಂಥವು ಕೆಲಸ ಮಾಡುವುದು ಹೊರಡುವ ಮುಂಚೆ ತೆಗೆದುಕೊಂಡರೆ. ತೊಳಸು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಇವು ನಿದ್ದೆ ತರುತ್ತವೆ. ಗ್ಲಾಕೋಮಾ (ಕಣ್ಣಿನ ಒಳಒತ್ತಡ ಹೆಚ್ಚುವ ಕಾಯಿಲೆ) ಇದ್ದವರು, ಮೂತ್ರ ಕಟ್ಟುವ ತೊಂದರೆ ಇದ್ದವರು ತಾವಾಗಿ ತೆಗೆದುಕೊಳ್ಳಬಾರದು. ಅವರ ವಯಸ್ಸಿಗೆ ಬೇರೆ ಮಾತ್ರೆಗಳೂ ನಡೆಯುತ್ತಿರಬಹುದು. ಹಾಗಾಗಿ ನಿಮ್ಮ ವೈದ್ಯರನ್ನು ಕೇಳಿಯೇ ಕೊಡಿ.

ನನಗೆ ಮಂಡಿಯದೇ ಹೆಚ್ಚು ಚಿಂತೆ. ದ್ವೀಪದ ಸುತ್ತ ಬಂಡೆಗಳಿರುವುದರಿಂದ ದೊಡ್ಡ ಬೋಟಿನಿಂದ ಸಣ್ಣ ಬೋಟಿಗೆ ದಾಟಬೇಕಾಗಿ ಬರಬಹುದು. ಎರಡೂ ಬೋಟುಗಳು ಒಂದೇ ಲಯದಲ್ಲಿ ಏರಿಳಿಯುವುದಿಲ್ಲ. ಅವಸರ ಬೇಡ. ಸಿಬ್ಬಂದಿ "ಈಗ" ಎಂದಾಗ, ಎರಡರ ಅಂಚೂ ಸಮಕ್ಕೆ ಬಂದ ಗಳಿಗೆಯಲ್ಲಿ ಒಂದೇ ಹೆಜ್ಜೆಗೆ ದಾಟಬೇಕು. ಬೆರಳು ಹಿಡಿಯುವುದಲ್ಲ, ಸಿಬ್ಬಂದಿ ನಿಮ್ಮ ಮಣಿಕಟ್ಟನ್ನು, ನೀವು ಅವರ ಮಣಿಕಟ್ಟನ್ನು ಹಿಡಿಯಬೇಕು. ಎರಡು ಬೋಟುಗಳ ನಡುವೆ ಕೈಯನ್ನಾಗಲೀ ಕಾಲನ್ನಾಗಲೀ ಇಡಲೇಬಾರದು.

ದ್ವೀಪದ ಕಂಬಗಲ್ಲುಗಳು ಲಾವಾ ತಣಿದು ಒಡೆದು ಆದವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಕಾಲದವು. ಅವುಗಳನ್ನು ನೋಡುತ್ತ ಒಣ ಜಾಗದಲ್ಲಿ ನೆರಳಿಗೆ ಕೂರಲು ಅವರಿಗೆ ಚೆನ್ನಾಗಿರುತ್ತದೆ. ನೀರಂಚಿನ ಹಸಿರು ಪಾಚಿಯ ಕಲ್ಲಿನ ಮೇಲೆ ಮಾತ್ರ ಅತ್ತೆಯವರಷ್ಟೇ ಅಲ್ಲ, ನೀವೂ ಕಾಲಿಡಬೇಡಿ.

ಪ್ರಶ್ನೆ: ಕಾರವಾರದ ದೇವಬಾಗದ ಹತ್ತಿರ "ಡಾಲ್ಫಿನ್ ಗ್ಯಾರಂಟಿ" ಎಂದು ಕರೆದುಕೊಂಡು ಹೋದರು. ಒಂದು ಬೆನ್ನು ಕಂಡಿತು. ಅಷ್ಟರಲ್ಲಿ ಮೂರು ಕಡೆಯಿಂದ ಬೋಟುಗಳು ಅದರ ಮೇಲೆ ನುಗ್ಗಿದವು. ಮತ್ತೆ ಕಾಣಲಿಲ್ಲ. ನನ್ನ ಮಗಳು "ಅಪ್ಪಾ, ಅದು ಸತ್ತುಹೋಯ್ತಾ?" ಎಂದು ಅತ್ತಳು. ನಾವು ದುಡ್ಡು ಕೊಟ್ಟು ಪಾಪ ಕಟ್ಟಿಕೊಂಡೆವೇನೋ ಎನಿಸುತ್ತಿದೆ.
— ಓದುಗರು, ಬೆಳಗಾವಿ

ಉತ್ತರ: ಮಗಳಿಗೆ ಹೇಳಿ, ಅದು ಸತ್ತಿರುವ ಸಾಧ್ಯತೆ ತೀರಾ ಕಡಿಮೆ. ಡಾಲ್ಫಿನ್ ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ನೆತ್ತಿಯ ರಂಧ್ರದಿಂದ ಉಸಿರು ತೆಗೆದುಕೊಂಡು ಮುಳುಗುತ್ತದೆ, ಬೇಡವೆನಿಸಿದರೆ ನೀರೊಳಗೇ ದೂರ ಸಾಗಿ ಬೇರೆ ಕಡೆ ಮೇಲೇಳುತ್ತದೆ. ನಿಮ್ಮಿಂದ ತಪ್ಪಿಸಿಕೊಂಡಿತು, ಅಷ್ಟೆ. ಆದರೆ ನಿಮಗೆ ಕಸಿವಿಸಿಯಾದದ್ದು ಸರಿಯಾಗಿಯೇ ಇದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ.

ನೀವು ಕಂಡದ್ದು ಬಹುಶಃ ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ನಡುವೆ ಉದ್ದನೆಯ ದಿಬ್ಬ, ಅದರ ಮೇಲೆ ಸಣ್ಣ ಈಜುರೆಕ್ಕೆ, ಬೂದು ಮೈ. ದಕ್ಷಿಣ ಆಫ್ರಿಕಾದಿಂದ ಭಾರತದವರೆಗೂ ದಡ ಹಿಡಿದೇ ಬದುಕುವ ಜಾತಿ ಇದು. ಆಳ ಕಡಿಮೆಯಿರುವ ನೀರು, ಕಾಳಿಯಂಥ ನದಿಗಳ ಅಳಿವೆ (ನದಿ ಸಮುದ್ರ ಸೇರುವ ಬಾಯಿ), ಮೀನು ಸೇರುವ ಬಂಡೆಗಳ ಸುತ್ತಮುತ್ತ ಇದರ ಓಡಾಟ. ಬಂದರು, ಬಲೆ, ಬೋಟು, ಕೊಳೆನೀರು ಎಲ್ಲವೂ ಇರುವುದು ಅದೇ ಪಟ್ಟಿಯಲ್ಲಿ. ಈ ಜಾತಿಯನ್ನು ಅಳಿವಿನಂಚಿನದು ಎಂದು ಗುರುತಿಸಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆಯ ಪಟ್ಟಿಯಲ್ಲಿ, ಡಾಲ್ಫಿನ್‌ಗಳಿವೆ.

ಸಿನಿಮಾದಲ್ಲಿ ನೋಡಿದ ಡಾಲ್ಫಿನ್ ಬೋಟಿನ ಮುಂದೆ ಕುಣಿಯುತ್ತ, ಗಾಳಿಯಲ್ಲಿ ತಿರುಗುತ್ತ ಬರುತ್ತದೆ. ಆ ಜಾತಿಗಳು ಹೆಚ್ಚಾಗಿ ಹೊರಕಡಲಿನವು. ಗೂನುಬೆನ್ನಿನದು ನಾಚಿಕೆಯ ಪ್ರಾಣಿ, ಬೋಟಿನ ಮುಂದೆ ಆಡುವುದು ಅಪರೂಪ. ಅದು ಮೀನು ಹುಡುಕುವುದು, ಮರಿಯನ್ನು ಕರೆಯುವುದು ಎಲ್ಲ ಸದ್ದಿನಿಂದ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ. ಮೂರು ಬೋಟಿನ ಪ್ರೊಪೆಲ್ಲರ್ ಒಟ್ಟಿಗೆ ಗರಗುಟ್ಟಿದರೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಜತೆಗೆ ಬೋಟಿನಲ್ಲಿ ಡಿಜೆ ಹಾಡು ಬೇರೆ. ಕಡಲಿಗೆ ಹೋಗಿ ಕಡಲ ಸದ್ದು ಕೇಳಲೊಲ್ಲದವರು ಅಷ್ಟು ದೂರ ಯಾಕೆ ಹೋಗುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮುಂದಿನ ಸಲ ಹೀಗೆ ಮಾಡಿ. "ಗ್ಯಾರಂಟಿ" ಎಂದವರನ್ನು ಬಿಟ್ಟು "ಕಂಡರೆ ಕಾಣಬಹುದು" ಎಂದವರ ಬೋಟ್ ಹತ್ತಿ. ಹೊರಡುವ ಮುಂಚೆಯೇ, "ಅಣ್ಣಾ, ಕಂಡರೂ ಬೆನ್ನಟ್ಟಬೇಡಿ, ದೂರದಲ್ಲೇ ನಿಲ್ಲಿಸಿ, ನಮಗೆ ಅಷ್ಟೇ ಸಾಕು" ಎಂದು ಹೇಳಿಬಿಡಿ. ಅವರು ನುಗ್ಗುವುದು ನೀವು ಬೈಯುತ್ತೀರೆಂಬ ಹೆದರಿಕೆಯಿಂದಲೇ. ಐವತ್ತು ಮೀಟರಿಗಿಂತ ಹತ್ತಿರ ಹೋಗಬಾರದು. ಅದು ಹೋಗುವ ದಾರಿಗೆ ಅಡ್ಡ ಬರದೆ, ಪಕ್ಕದಲ್ಲಿ ಸಮಾನಾಂತರವಾಗಿ, ನಿಧಾನವಾಗಿ ಸಾಗಿ, ಗೇರ್ ತಪ್ಪಿಸಿ ತೇಲಬೇಕು. ಮರಿ ಜತೆಗಿದ್ದರೆ ಇನ್ನೂ ದೂರ. ಬೇರೊಂದು ಬೋಟ್ ಆಗಲೇ ಅಲ್ಲಿದ್ದರೆ ನಿಮ್ಮದು ಕಾಯಬೇಕು. ಹೀಗೆ ಸುಮ್ಮನೆ ತೇಲುತ್ತಿದ್ದರೆ ಮೊದಲು "ಫುಸ್" ಎಂದು ಉಸಿರಿನ ಸದ್ದು ಕೇಳುತ್ತದೆ. ತಿರುಗಿ ನೋಡುವಷ್ಟರಲ್ಲಿ ದಿಬ್ಬದ ಬೆನ್ನು ನೀರಿನಿಂದ ಮಗುಚಿಕೊಳ್ಳುತ್ತದೆ, ಸುತ್ತ ಸಣ್ಣ ಬಳೆಯಾಕಾರದ ಅಲೆ ಉಳಿಯುತ್ತದೆ. ಮಗಳಿಗೆ ಆ ಸದ್ದು ಕೇಳಿಸಿ.

ನಾನು ಗಮನಿಸಿದಂತೆ, ಅಲೆ ಎದ್ದಾಗ ವೇಗ ತಗ್ಗಿಸುವ ತಾಂಡೇಲರೇ ಡಾಲ್ಫಿನ್ ತೋರಿಸುವುದರಲ್ಲೂ ಜಾಣರು. ಅವಸರದವರಿಗೆ ಎರಡೂ ಕೈಗೂಡುವುದಿಲ್ಲ.

ಪ್ರಶ್ನೆ: ನೇತ್ರಾಣಿಯ ಬಳಿ ದೊಡ್ಡ ಹದ್ದೊಂದು ಹಾವು ಹಿಡಿದು ಹಾರಿದ್ದನ್ನು ಕಂಡೆ. ಬೋಟಿನಲ್ಲಿದ್ದವರು ಗರುಡ ಎಂದು ಕೈಮುಗಿದರು. ನಿಜಕ್ಕೂ ಗರುಡವೇ? ಅಲ್ಲಿ ಹಾವುಗಳಿದ್ದರೆ ನೀರಿಗಿಳಿಯುವುದು ಹೇಗೆ?
— ನಿವೃತ್ತ ಅಂಚೆ ನೌಕರರು, ಶಿವಮೊಗ್ಗ

ಉತ್ತರ: ಕೈಮುಗಿದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನೀವು ಕಂಡದ್ದು ಬಿಳಿಹೊಟ್ಟೆಯ ಕಡಲ ಹದ್ದು ಇರಬೇಕು. ಗರುಡವೆಂದು ನಾವು ಕರೆಯುವ ಹಕ್ಕಿಗೆ ತಲೆ, ಎದೆ ಮಾತ್ರ ಬಿಳಿ, ಉಳಿದ ಮೈಯೆಲ್ಲ ಇಟ್ಟಿಗೆಗೆಂಪು. ಬಂದರುಗಳಲ್ಲಿ ಮೀನಿನ ಚೂರಿಗೆ ಎರಗುವುದು ಅದೇ. ಕಡಲ ಹದ್ದು ಅದಕ್ಕಿಂತ ಬಹಳ ದೊಡ್ಡದು. ತಲೆಯಿಂದ ಹೊಟ್ಟೆಯವರೆಗೆ ಅಚ್ಚ ಬಿಳುಪು, ಬೆನ್ನು ಬೂದು, ಬಾಲ ಮೊಂಡ, ಬೆಣೆಯಾಕಾರದ್ದು. ತೇಲುವಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದಿರುತ್ತದೆ. ನೇತ್ರಾಣಿ ಇವುಗಳ ಹೆಸರಾಂತ ಗೂಡುತಾಣ. ಮೀನಿನ ಜತೆ ಕಡಲ ಹಾವೂ ಇದರ ಆಹಾರ.

ಹಾವಿನ ಭಯ ಅನಗತ್ಯವೆಂದು ನಾನು ಹೇಳುವುದಿಲ್ಲ. ಕಡಲ ಹಾವುಗಳ ವಿಷ ತೀವ್ರವಾದದ್ದು. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು ಮೊದಲಾದ ನೆಲದ ನಾಲ್ಕು ಹಾವುಗಳಿಗೆ ಮಾಡಿದ್ದು, ಕಡಲ ಹಾವಿಗಲ್ಲ. ಆದರೆ ಅವು ಮನುಷ್ಯರನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಕಚ್ಚಿಸಿಕೊಳ್ಳುವವರು ಹೆಚ್ಚಿನಂಶ ಬಲೆ ಬಿಡಿಸುವ ಮೀನುಗಾರರು. ಹುಟ್ಟಿನಂತೆ ಚಪ್ಪಟೆಯಾದ ಬಾಲ ಕಂಡರೆ ಅದು ಕಡಲ ಹಾವು. ಉಸಿರಿಗೆ ಮೇಲೆ ಬಂದಿರುತ್ತದೆ, ದಾರಿ ಬಿಡಿ. ದಡದಲ್ಲಿ ಸತ್ತಂತೆ ಬಿದ್ದಿದ್ದರೂ ಮುಟ್ಟಬೇಡಿ. ಕಚ್ಚಿದರೆ ಆ ಕ್ಷಣಕ್ಕೆ ನೋವೇ ಇಲ್ಲದಿರಬಹುದು, ಆಮೇಲೆ ಮೈಕೈ ಸೆಳೆತ, ಕಪ್ಪು ಮೂತ್ರ ಬರಬಹುದು. ನೋವಿಲ್ಲವೆಂದು ಕಾಯದೆ, ಕೃತಕ ಉಸಿರಾಟ, ಡಯಾಲಿಸಿಸ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೇ ನೇರ ಹೋಗಬೇಕು.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತದೆ. ಸೆಕೆಯಲ್ಲಿ ಲೈಫ್ ಜಾಕೆಟ್ ಹಾಕಲೇಬೇಕೇ? ಅದು ಕೊಳಕಾಗಿಯೂ ಇರುತ್ತದೆ.
— ವಿದ್ಯಾರ್ಥಿ, ಮೈಸೂರು

ಉತ್ತರ: ಹಾಕಲೇಬೇಕು. ಕೊಳಕಾಗಿರುವುದು ನಿಜ, ಒಳಗೊಂದು ತೆಳು ಅಂಗಿ ಹಾಕಿಕೊಳ್ಳಿ. ಈಜುವವರು ಮುಳುಗುವುದು ಕೈ ಸೋತಾಗ, ಅಥವಾ ಬೀಳುವಾಗ ತಲೆಗೆ ಏಟು ಬಿದ್ದಾಗ. ಎಚ್ಚರ ತಪ್ಪಿದವರಿಗೆ ಈಜು ಬರುವುದಿಲ್ಲ.

ಹೆಗಲಿಗೆ ನೇತುಹಾಕಿಕೊಂಡರೆ ಸಾಲದು, ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಹೆಗಲಿನ ಬಳಿ ಹಿಡಿದು ಗೆಳೆಯರಿಗೆ ಮೇಲಕ್ಕೆಳೆಯಲು ಹೇಳಿ. ಅದು ಗಲ್ಲ ದಾಟಿ ಮೇಲೆ ಬಂದರೆ ನಿಮಗೆ ದೊಡ್ಡದು ಎಂದರ್ಥ. ನೀರಿಗೆ ಬಿದ್ದರೆ ನೀವು ಕೆಳಗೆ, ಅದು ಮೇಲೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಇಲ್ಲವೆಂದರೆ ಮಗುವನ್ನು ಹತ್ತಿಸಬೇಡಿ. ತುರ್ತಿಗೆ ಕರಾವಳಿ ಕಾವಲು ಪಡೆಯ ಉಚಿತ ಸಂಖ್ಯೆ 1554 ಅನ್ನು ಮೊಬೈಲಿನಲ್ಲಿ ಈಗಲೇ ಉಳಿಸಿಕೊಳ್ಳಿ. ಮೊಬೈಲನ್ನು ನೀರು ಹೋಗದ ಚೀಲದಲ್ಲಿಡಿ.

ಪ್ರಶ್ನೆ: ಬೋಟಿನ ಹಿಂದೆ ಹಾರಿ ಬರುವ ಬಿಳಿ ಹಕ್ಕಿಗಳಿಗೆ ಮಕ್ಕಳು ಚಿಪ್ಸ್, ಕುರುಕಲು ಎಸೆಯುತ್ತಾರೆ. ಪುಣ್ಯದ ಕೆಲಸವೇ, ತಪ್ಪೇ?
— ಗೃಹಿಣಿ, ತುಮಕೂರು

ಉತ್ತರ: ಮಕ್ಕಳ ಮನಸ್ಸು ಒಳ್ಳೆಯದೇ, ಆದರೆ ಬೇಡ. ಅವು ಕಡಲಕ್ಕಿಗಳು. ಕಂದುತಲೆಯ ಕಡಲಕ್ಕಿ ಮರಿ ಮಾಡುವುದು ಲಡಾಖ್ ಸೇರಿದಂತೆ ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದು, ಬೇಸಿಗೆಗೆ ಮರಳುತ್ತದೆ. ಆ ದೂರ ಹಾರಲು ಮೈಗೆ ಮೀನಿನ ಕೊಬ್ಬು ಬೇಕು, ಉಪ್ಪುಖಾರದ ಹಿಟ್ಟಲ್ಲ. ಚಿಪ್ಸಿನ ಜತೆ ಪ್ಯಾಕೆಟ್ಟೂ ನೀರಿಗೆ ಹಾರುತ್ತದೆ. ಬೇರೆ ಆಟ ಕಲಿಸಿ: ದೂರದಲ್ಲಿ ರೀವಗಳು (ಸಪೂರ ರೆಕ್ಕೆಯ, ಕವಲುಬಾಲದ ಕಡಲ ಹಕ್ಕಿ) ಒಂದೇ ಜಾಗದಲ್ಲಿ ನೀರಿಗೆ ಧುಮುಕುತ್ತಿವೆಯೇ ನೋಡಲಿ. ಅದರ ಕೆಳಗೆ ಬೂತಾಯಿಯಂಥ (ಕಾರವಾರದ ಕಡೆ ತಾರ್ಲೆ) ಸಣ್ಣ ಮೀನಿನ ಹಿಂಡಿರುತ್ತದೆ. ಮೀನುಗಾರರು ಬಲೆ ಬಿಡುವ ಮುಂಚೆ ನೋಡುವುದೂ ಅದನ್ನೇ.

ಪ್ರಶ್ನೆ: ಕಳೆದ ಏಪ್ರಿಲ್ ಕೊನೆಗೆ ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಮುರುಡೇಶ್ವರ ತಲುಪಿದೆವು. ಆಕಾಶ ಶುಭ್ರ, ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಆದರೂ "ಇವತ್ತು ಕಡಲು ಸರಿ ಇಲ್ಲ, ಬೋಟ್ ಬಿಡುವುದಿಲ್ಲ" ಎಂದರು. ಜನ ಕಡಿಮೆ ಇದ್ದರೆಂದು ನೆಪ ಹೇಳಿದರೋ ಎಂಬ ಅನುಮಾನ. ಗಾಳಿಯೇ ಇಲ್ಲದೆ ಕಡಲು ಕೆಡುವುದುಂಟೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಷ್ಟು ದೂರ ಬಂದು ನಿರಾಶೆಯಾದರೆ ಅನುಮಾನ ಬರುವುದು ಸಹಜ. ಆದರೆ ಗಾಳಿಯಿಲ್ಲದೆ ಕಡಲು ಕೆಡುವುದು ಖಂಡಿತ ಉಂಟು. ಅದೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೆಚ್ಚು.

ಅಲೆ ಎಬ್ಬಿಸುವ ಗಾಳಿ ನಿಮ್ಮ ತಲೆಯ ಮೇಲೇ ಬೀಸಬೇಕೆಂದಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಅಂಟಾರ್ಕ್ಟಿಕಾ ಕಡೆ, ದೊಡ್ಡ ಬಿರುಗಾಳಿ ಎದ್ದರೆ ಅಲ್ಲಿ ಹುಟ್ಟಿದ ಉದ್ದಲೆಗಳು (ಒಂದರ ಹಿಂದೆ ಒಂದು ಬಹಳ ಅಂತರದಲ್ಲಿ ಬರುವ ಅಲೆಗಳು) ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ಮೇಲೆ ನಮ್ಮ ದಡ ಮುಟ್ಟುತ್ತವೆ. ಆಳ ನೀರಿನಲ್ಲಿ ಇವು ಕಣ್ಣಿಗೇ ಬೀಳುವುದಿಲ್ಲ. ಬೋಟ್ ಮೆಲ್ಲಗೆ ಏರಿ ಇಳಿಯುತ್ತದೆ ಅಷ್ಟೆ. ಆಳ ಕಡಿಮೆಯಾದಲ್ಲಿ ಅವೇ ಎತ್ತರಕ್ಕೆ ಎದ್ದು ಒಡೆಯುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ಆ ಹೆಸರನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿದೆ. ನಮ್ಮ ಕರಾವಳಿಗೂ ಅದರ ಬಿಸಿ ತಟ್ಟುತ್ತದೆ.

ಪ್ರವಾಸಿ ಬೋಟಿಗೆ ಇದರಿಂದ ಕಷ್ಟವಾಗುವುದು ನಡುಕಡಲಲ್ಲಿ ಅಲ್ಲ, ಜನ ಹತ್ತುವ, ಇಳಿಯುವ ಜಾಗದಲ್ಲಿ. ಅಳಿವೆಯಲ್ಲಿ ಇನ್ನೂ ಹೆಚ್ಚು. ಇಳಿತದ ಹೊತ್ತಿಗೆ ನದಿಯ ನೀರು ರಭಸದಿಂದ ಹೊರಗೆ ಹರಿಯುತ್ತಿರುತ್ತದೆ, ಎದುರಿನಿಂದ ಉದ್ದಲೆ ಒಳನುಗ್ಗುತ್ತದೆ. ಎರಡೂ ಮುಖಾಮುಖಿಯಾದಲ್ಲಿ ಅಲೆ ಕಡಿದಾಗಿ, ಗೋಡೆಯಾಗಿ ನಿಂತು ಬೀಳುತ್ತದೆ. ಮಂಗಳೂರಿನ ಅಳಿವೆಬಾಗಿಲಿನಲ್ಲಿ, ಗಂಗೊಳ್ಳಿಯಲ್ಲಿ ಹುಟ್ಟಾ ಮೀನುಗಾರರ ದೋಣಿಗಳೇ ಮಗುಚಿದ ಉದಾಹರಣೆಗಳಿವೆ. ಮನೆ ಕಣ್ಣಿಗೆ ಕಾಣುತ್ತಿದ್ದರೂ ಅವರು ಉಬ್ಬರ ಬರಲೆಂದು ಹೊರಗೇ ಲಂಗರು ಹಾಕಿ ಕಾಯುವುದುಂಟು.

ನೆಪವೋ ನಿಜವೋ ಎಂದು ನೀವೇ ನೋಡಿಕೊಳ್ಳಬಹುದು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯಿಸ್) ದಿನವೂ ಜಿಲ್ಲಾವಾರು ಅಲೆಯ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಅಲೆಯ ಎತ್ತರ ಎಂದು ಕೊಡುವ ಅಂಕಿ ಅತಿ ದೊಡ್ಡ ಅಲೆಯದಲ್ಲ, ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಒಂದೂವರೆ ಮೀಟರ್ ಎಂದಿದ್ದರೆ ನಡುನಡುವೆ ಅದರ ಎರಡು ಪಟ್ಟಿನ ಹತ್ತಿರ ಹೋಗುವ ಒಂಟಿ ಅಲೆಯೂ ಬರಬಹುದು. ಪಕ್ಕದಲ್ಲಿ ಸೆಕೆಂಡುಗಳ ಅಂಕಿಯೂ ಇರುತ್ತದೆ. ಅದು ಎರಡು ಅಲೆಗಳ ನಡುವಿನ ಅಂತರ. ಹದಿನೈದು ಸೆಕೆಂಡಿಗೂ ಹೆಚ್ಚಿದ್ದರೆ ದೂರದಿಂದ ಬಂದ ಉದ್ದಲೆ ಎಂದು ತಿಳಿಯಿರಿ. ಆ ದಿನ ಆಕಾಶ ನೋಡಿ ತೀರ್ಮಾನಿಸಬೇಡಿ.

ಬೋಟ್ ಬಿಡದೆ ಹೋದರೆ ಅವರ ದಿನದ ಸಂಪಾದನೆಯೂ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ಹೇಗೂ ನಿಷೇಧ, ಪ್ರವಾಸಿ ಬೋಟೂ ಮಳೆಗಾಲದಲ್ಲಿ ನಿಂತಿರುತ್ತದೆ. ಇಷ್ಟಿದ್ದೂ "ಇವತ್ತು ಬೇಡ" ಎಂದ ತಾಂಡೇಲರ ಬೋಟನ್ನೇ ನಾನಾದರೆ ಮುಂದಿನ ಸಲ ಹುಡುಕಿಕೊಂಡು ಹೋಗುತ್ತೇನೆ. ಹಣದ ಬಗ್ಗೆ ಮಾತ್ರ ಸಂಕೋಚ ಬೇಡ. ಮುಂಗಡ ಕೊಡುವಾಗಲೇ, ಹವಾಮಾನದಿಂದ ರದ್ದಾದರೆ ಪೂರ್ತಿ ವಾಪಸೋ ಬೇರೆ ದಿನಾಂಕವೋ ಎಂದು ಕೇಳಿ, ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಒಂದು ದಿನ ಹೆಚ್ಚು ಇಟ್ಟುಕೊಂಡು ಬನ್ನಿ.

ಹಾಗೂ ರದ್ದಾದರೆ ಹೊನ್ನಾವರಕ್ಕೆ ಹೋಗಿ. ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರ) ಕಾಡಿನ ನಡುವೆ ನಡೆದಾಡುವ ಮರದ ಹಾದಿಯಿದೆ, ದೋಣಿಯೂ ಸಿಗುತ್ತದೆ. ಹೊರಗೆ ಕಡಲು ಎಷ್ಟೇ ಏರಿದ್ದರೂ ಅಲ್ಲಿ ನೀರು ಅಷ್ಟಾಗಿ ಅಲುಗುವುದಿಲ್ಲ. ಇಳಿತದ ಹೊತ್ತು ನೋಡಿಕೊಂಡು ಹೋದರೆ ಕೆಸರಿನ ಮೇಲೆ ಏಡಿಗಳು, ಬೇರುಗಳ ಮೇಲೆ ಮಿಂಚುಳ್ಳಿ ಹತ್ತಿರದಿಂದಲೇ ಕಾಣುತ್ತವೆ.